ಬಡಿಸಿದೆ, ಕ್ಷಮಿಸಲಿಲ್ಲ

ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ "ಓಡೆಗ್ ಅಕ್ಕ?" ಎಂದ. ನಾನು ಸೆರಗು ಬಿಗಿಹಿಡಿದು ಸಿಸ್ಟರ್ ಬೆನಿಟಾ ಅವರ ಬೆನ್ನ ಹಿಂದೆ ಸರಿದೆ. "ಎಲ್ಲಿಗೆ ಅಂತ ಕೇಳುದು ಮಗಾ, ತುಳುವಿನಲ್ಲಿ" ಎಂದು ಅವರು ನಕ್ಕರು. ಅಕ್ಕ ಎಂಬುದು ಮಾತ್ರ ನನಗೆ ತಿಳಿದಿತ್ತು, ದಿಗಿಲಾದದ್ದೇ ಅದರಿಂದ. ಪುಣೆಯ ಆ ಗಲ್ಲಿಯಲ್ಲಿ ಗಂಡಸರು ನನ್ನನ್ನು ಏನೇನೋ ಕರೆದಿದ್ದರು, ಅಕ್ಕ ಎಂದವನು ಒಬ್ಬನೂ ಇರಲಿಲ್ಲ.

ಗದಗಿನ ಕಡೆಯ ನನ್ನ ಜನರೇ, ನಾನು ಓಡಿಹೋದೆ ಎಂದು ನೀವು ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡಿರಿ. ಓಡಿಹೋಗಲಿಲ್ಲ. ಗಂಡ ಬಿಟ್ಟ ಮೇಲೆ ಮನೆಗೆಲಸ ಕೊಡಿಸುತ್ತೇನೆಂದು ಕರೆದೊಯ್ದು ನನ್ನನ್ನು ಮಾರಿದವನು ನನ್ನ ಸೋದರಮಾವ. ನಿಮ್ಮ ಪಂಚಾಯಿತಿಯಲ್ಲಿ ದೊಡ್ಡ ರುಮಾಲು ಸುತ್ತಿಕೊಂಡು ಕೂರುತ್ತಿದ್ದನಲ್ಲ, ಅವನೇ.

ಆ ಗಲ್ಲಿಗೆ ವಾರಕ್ಕೊಮ್ಮೆ ಕ್ರೈಸ್ತ ಸನ್ಯಾಸಿನಿಯರು, ಈ ಸಿಸ್ಟರುಗಳು, ಚಹದ ಫ್ಲಾಸ್ಕು ಹಿಡಿದು ಬರುತ್ತಿದ್ದರು. ಉಪದೇಶವಿಲ್ಲ, ಊಟ ಆಯಿತಾ ಎಂಬ ವಿಚಾರಣೆ ಅಷ್ಟೇ. ನಾನು ಕನ್ನಡದಲ್ಲಿ ಯಾರಿಗೋ ಬೈಯುವುದನ್ನು ಕೇಳಿ ಬೆನಿಟಾ ನಿಂತರು. ಅವರ ಹಿಂದೆ ಹೊರಡುವ ಧೈರ್ಯ ಬರಲು ವರ್ಷ ಹಿಡಿಯಿತು. ಪೊಲೀಸರ ಮುಂದೆ ಮಾವನ ಹೆಸರು ಹೇಳಿದ ಮೇಲೆ, ನನ್ನ ಗುರುತು ಯಾರಿಗೂ ಇಲ್ಲದ ಬೆಳ್ತಂಗಡಿಯ ತಮ್ಮವರ ಆಶ್ರಮಕ್ಕೆ ಬೆನಿಟಾ ಕರೆತಂದರು, ತಾವೂ ಅಲ್ಲೇ ಉಳಿದರು.

ಮೊದಲು ಸೋತದ್ದು ಊಟಕ್ಕೆ. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಲ್ಲದೆ ಬೆಳಗಾಗದು. ಇಲ್ಲಿ ಬೆಳಗಿಗೆ ಕುಚ್ಚಲಕ್ಕಿಯ ಗಂಜಿ, ಕೆಂಪು, ದಪ್ಪ, ಅಗಿದಷ್ಟೂ ಮುಗಿಯದು. ಇಲ್ಲಿಯವರ ಕನ್ನಡವೋ ಪುಸ್ತಕ ನೋಡಿ ಓದಿದ ಹಾಗೆ. ನಾನು ಪ್ರೀತಿಯಿಂದ "ಬರ್ರಿ" ಎಂದರೂ ಗದರಿದೆನೆಂದು ಬೆಚ್ಚುತ್ತಾರೆ.

ಆಶ್ರಮದಲ್ಲಿ ಕಲಿತ ಹೊಲಿಗೆ ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಕೆಲಸ ಕೊಡಿಸಿತು. ಬಾಡಿಗೆ ಕೋಣೆ ಕೇಳಲು ಹೋದರೆ ಎಲ್ಲರದೂ ಗಂಡನ ವಿಚಾರಣೆ. ಕೊನೆಗೆ ಬಂಟರ ಮನೆಯ ಶೆಡ್ತಿ ಅಕ್ಕನೊಬ್ಬರು ಮಾತ್ರ, "ಗಂಡ ಇಲ್ವಾ? ಒಳ್ಳೇದಾಯ್ತು ಮಾರಾಯ್ತಿ. ನನ್ನದು ದುಬೈಯಲ್ಲಿ ಉಂಟು, ಇದ್ದೂ ಇಲ್ಲದ ಹಾಗೆ" ಎಂದು ಕೀಲಿ ಕೊಟ್ಟರು. ಆ ಸಂಜೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ.

ಭಾನುವಾರ ಆಶ್ರಮಕ್ಕೆ ಹೋಗುತ್ತೇನೆ. ಮತ ಬದಲಿಸು ಎಂದು ಯಾರೂ ಹೇಳಿಲ್ಲ, ಪ್ರಾರ್ಥನೆಗೆ ಕೂರುವುದು ನನ್ನ ಇಷ್ಟ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ಬೆನಿಟಾ ಅವರಿಗೆ ಅದು ಗೊತ್ತು.

ಮೊಕದ್ದಮೆಯಲ್ಲಿ ನಾನು ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ಅವ್ವನ ಫೋನು. ನನ್ನ ನಂಬರು, ಆಶ್ರಮದ ವಿಳಾಸ ಅವಳಿಗೊಬ್ಬಳಿಗೆ ಕೊಟ್ಟಿದ್ದೆ. "ಅಂವ ನನ್ನ ಒಡಹುಟ್ಟಿದಾಂವ. ಕೇಸು ಬಿಟ್ಟುಬಿಡವಾ. ಗಂಗೀಗೂ ಪುಣೆದಾಗ ಕೆಲಸ ಹಚ್ಚತೀನಿ ಅಂತಾನ." ಗಂಗಿ ನನ್ನ ತಂಗಿ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಫೋನು ಇಟ್ಟುಬಿಟ್ಟೆ.

ಸೆಪ್ಟೆಂಬರಿನಲ್ಲಿ ಇಲ್ಲಿಯ ಕ್ರಿಶ್ಚಿಯನ್ನರ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಪಾಯಸಕ್ಕೆ ಬೆರೆಸಿ, ಎಲೆಯ ಮುಂದೆ ಕೂತವರಿಗೆಲ್ಲ ಹಂಚುತ್ತಾರೆ. ಆಶ್ರಮದಲ್ಲಿ ಆ ದಿನ ಬಂದವರು ಯಾರೆಂದು ಕೇಳದೆ ಎಲೆ ಹಾಕುತ್ತಾರೆ. ಅದೇ ದಿನ ಅವ್ವ, ಜಾಮೀನಿನ ಮೇಲೆ ಹೊರಗಿದ್ದ ಮಾವ, ಇಬ್ಬರೂ ಬಂಟ್ವಾಳದಲ್ಲಿ ರೈಲಿಳಿದು ಅಲ್ಲಿಗೇ ಬಂದರು. ಬೆನಿಟಾ ಅವನನ್ನು ಎಂದೂ ಕಂಡವರಲ್ಲ. "ಅಮ್ಮನ ಜೊತೆ ಬಂದವರಾ? ದೂರದಿಂದ ಬಂದಿದ್ದೀರಿ, ಊಟಕ್ಕೆ ಕೂತ್ಕೊಳ್ಳಿ" ಎಂದರು. ನಾನು ಹೇಳಿದ್ದರೆ ಗೇಟು ಮುಚ್ಚುತ್ತಿದ್ದರು. ಹೇಳಲಿಲ್ಲ.

ಪಾಯಸದ ಪಾತ್ರೆ ನಾನೇ ಹಿಡಿದೆ. ಅವ್ವನಿಗೆ ಬಡಿಸಿದೆ, ಅವನಿಗೂ ಬಡಿಸಿದೆ. ನಮ್ಮ ಊರಿನಲ್ಲಿ ಹಗೆಯವರು ಕೂಡಿ ಉಂಡರೆ ಹಗೆ ತೀರಿತು, ಪಂಚಾಯಿತಿಯೂ ಮುಗಿಯಿತು. ಎಷ್ಟು ಹೆಂಗಸರ ಬಾಯಿಯನ್ನು ಅವನು ಹೀಗೇ ಮುಚ್ಚಿಸಿದ್ದ! ಎಲೆ ಬಳಿದು ಉಂಡು, ಮೀಸೆ ಒರೆಸಿ, "ಸಿಟ್ಟು ಇಳೀತಲ್ಲ, ನಮ್ಮವ್ವಾ?" ಎಂದ.

"ಇದು ಇಲ್ಲೀ ಹಬ್ಬ ಮಾವಾ, ಇಲ್ಲಿ ಯಾರು ಬಂದ್ರೂ ಬಡಸ್ತಾರ. ಉಂಡ್ರ ಕೇಸು ಮುಗಿಯೂದು ನಮ್ಮೂರಾಗ. ಇನ್ನ ಕೋರ್ಟಿನಾಗ ಸಿಗೋಣು."

ಅವನ ಮುಖ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಅಷ್ಟು ಸುಖ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಅವರು ಹೋದ ಮೇಲೆ ಬೆನಿಟಾ ಕಣ್ಣು ಒರೆಸಿಕೊಂಡರು. "ನನಗೆ ಹೇಳಬಾರದಿತ್ತಾ? ಕೋರ್ಟಿಗೆ ನಾನೂ ಬರ್ತೇನೆ, ಅದು ನ್ಯಾಯ. ಆದರೆ ಈ ದ್ವೇಷ ನಿನ್ನನ್ನು ತಿನ್ನುವುದು ಬೇಡ ಮಗಾ."

"ಬಹಳ ದಿನ ಅದು ನನ್ನನ್ನು ಸಾಕಿದೆ, ಸಿಸ್ಟರ್" ಎಂದೆ.

ಸಾಕ್ಷಿ ಹೇಳಿದೆ. ಅವನಿಗೆ ಶಿಕ್ಷೆಯಾಯಿತು. ಗಂಗಿ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ತಂಗಿಗಾಗಿ ಹೇಳಿದೆ ಎಂದರೆ ನೀವು ಮೆಚ್ಚಬಹುದು, ಆದರೆ ನನ್ನ ಸಿಟ್ಟಿಗೆ ಒಳ್ಳೆಯ ಸೀರೆ ಉಡಿಸಿ ನಿಮ್ಮೆದುರು ತರಲಾರೆ. ಮೊದಲು ಹೇಳಿದ್ದು ನನಗಾಗಿ, ಗಂಗಿಗೆ ಆಮೇಲೆ.

ಕೋರ್ಟಿನ ಮೆಟ್ಟಿಲ ಮೇಲೆ ಅವ್ವ, "ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ" ಎಂದಳು. ಇಲ್ಲಿಯವರಿಗೆ ನಾನು ಘಟ್ಟದ ಮೇಲಿನವಳು, ನಿಮಗೆ ಕೆಟ್ಟವಳು. ತುಳು ಅರ್ಥವಾಗುತ್ತದೆ, ಕನಸು ಮಾತ್ರ ಇನ್ನೂ ನಮ್ಮ ಭಾಷೆಯಲ್ಲೇ ಬೀಳುತ್ತದೆ. ಸಂಜೆ ಒಬ್ಬಳೇ ತಾಟಿನ ಮುಂದೆ ಕೂರುತ್ತೇನೆ. ಅವ್ವನ ನೆನಪಾದರೆ ಅಳುತ್ತೇನೆ. ಅವನ ನೆನಪಾದರೆ ಒಂದು ತುತ್ತು ಹೆಚ್ಚು ಉಣ್ಣುತ್ತೇನೆ.