ಲ್ಯಾಪ್‌ಟಾಪಿಗೆ ಬಂದ ಜ್ವರ

ಶೀತಪ್ರದೇಶದವರಾದ ನಮಗೆ ಬಿಸಿಯ ಬಗ್ಗೆ ಒಂದು ಬಗೆಯ ಕುರುಡು ಭಕ್ತಿ. ಬಯಲುಸೀಮೆಯ ಸ್ನೇಹಿತರು ತಣ್ಣನೆಯ ಗಾಳಿ, ತಣ್ಣನೆಯ ನೀರು ಎಂದು ಹಾಡಿ ಹೊಗಳುವಾಗ ನಾನು ಒಳಗೊಳಗೇ ನಗುತ್ತೇನೆ. ಊಟಿಯ ಬೆಟ್ಟಸಾಲಿನ ಕುಂದಾ ಕಡೆ, ಹಟ್ಟಿಯೆಂದು ಕರೆಯುವ ನಮ್ಮ ಹಳ್ಳಿಯಲ್ಲಿ ಚಹಾದ ಲೋಟವನ್ನು ಮೊದಲು ಅಂಗೈಗಳು ಕುಡಿಯುತ್ತವೆ, ಉಳಿದದ್ದು ಬಾಯಿಗೆ. ನೆಂಟರು ಬಂದರೆ ಒಲೆಯ ಪಕ್ಕದ ಜಾಗ ಬಿಟ್ಟುಕೊಡುವುದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಇಂಥ ಊರಿನಲ್ಲಿ ನನ್ನ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗತೊಡಗಿದಾಗ ಅದೊಂದು ದೋಷವೆಂದು ನನಗೆ ಹೊಳೆಯಲೇ ಇಲ್ಲ. ತೊಡೆಯ ಮೇಲೆ ಕೂರುವ ಯಂತ್ರಕ್ಕೆ ತೊಡೆ ಕಾಯಿಸುವ ಸದ್ಗುಣವೂ ಇದೆಯಲ್ಲ ಎಂದು ಕೆಲವು ದಿನ ಹಿಗ್ಗಿದ್ದೂ ಉಂಟು.

ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷಗಳಾಗಿದ್ದ ಕಾಲ ಅದು. ನಾನು ಗುಮಾಸ್ತನಾಗಿದ್ದ ಟೀ ಫ್ಯಾಕ್ಟರಿಗೆ ಹೊಸ ಕಂಪ್ಯೂಟರ್ ಬಂದಾಗ, ಹಳೆಯ ಲ್ಯಾಪ್‌ಟಾಪನ್ನು ನನ್ನ ಸಾಹಿತ್ಯವ್ಯಸನದ ಮೇಲಿನ ಕನಿಕರದಿಂದ ಮ್ಯಾನೇಜರು ನನಗೆ ದಯಪಾಲಿಸಿದ್ದರು. ಎರಡು ಇಟ್ಟಿಗೆಯ ತೂಕದ ಆ ಯಂತ್ರದಲ್ಲಿ ಬೆಳಿಗ್ಗೆ ಎದ್ದು ಒಂದಿಷ್ಟು ಪ್ರಬಂಧ ಬರೆದು, ಮುಚ್ಚಳ ಮುಚ್ಚಿ ಕೆಲಸಕ್ಕೆ ಹೋಗುವುದು ನನ್ನ ದಿನಚರಿ. ಹೋಗುವಾಗ ಬ್ಯಾಟರಿ ತುಂಬಿರುತ್ತಿತ್ತು. ಸಂಜೆ ಬಂದು ತೆರೆದರೆ ಬ್ಯಾಟರಿ ಬರಿದು, ಮೈ ಮಾತ್ರ ಕೆಂಡ. ಇಡೀ ದಿನ ಯಾರೂ ಮುಟ್ಟದ ಯಂತ್ರ ಯಾವ ಚಿಂತೆಯಿಂದ ಹೀಗೆ ಬೇಯುತ್ತಿದೆ ಎಂಬುದು ನನಗೆ ಬಗೆಹರಿಯದ ರಹಸ್ಯವಾಯಿತು.

ರಹಸ್ಯ ಭಯವಾಗಿದ್ದು ಒಂದು ಭಾನುವಾರ, ಎಲ್ಲೋ ಒಂದು ಲ್ಯಾಪ್‌ಟಾಪಿನ ಬ್ಯಾಟರಿ ಸಿಡಿದು ಬೆಂಕಿ ಹತ್ತಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಮೇಲೆ. ನಾನು ಸ್ವಭಾವತಃ ಪುಕ್ಕಲ. ಕುಕ್ಕರಿನ ಸೀಟಿಗೂ ಒಂದು ಹೆಜ್ಜೆ ಹಿಂದೆ ಸರಿಯುವವನು. ಆದರೆ ಈ ಭಯಕ್ಕೆ ಸಕಾರಣವಿತ್ತು. ನನ್ನ ಹೆಂಡತಿ ಗಿರಿಜೆ ಕುಂದಾದ ಪವರ್‌ಹೌಸ್ ಕಾಲೊನಿಯ ಶಾಲೆಯಲ್ಲಿ ಟೀಚರು. ನಾವಿಬ್ಬರೂ ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ನನ್ನ ತಾಯಿ, ನಾನು ಅವ್ವೆ ಎಂದು ಕರೆಯುವವಳು, ಮತ್ತು ನಾಲ್ಕು ವರ್ಷದ ಮಗಳು ನೀಲಿ. ಅವರ ಜೊತೆಗೆ ಈ ಮೂರನೆಯ ಪ್ರಾಣಿ, ಸಿಡಿಯಬಹುದಾದದ್ದು.

ನಮ್ಮ ಮನೆಯಲ್ಲಿ ಬಿಸಿಯ ಭಯ ಅದಕ್ಕಿಂತ ಮೊದಲೇ ಒಂದು ಸಲ ಕಾಲಿಟ್ಟಿತ್ತೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಹಿಂದಿನ ವರ್ಷ ನೀಲಿಗೆ ಜ್ವರ ಏರಿ ಫಿಟ್ಸ್ ಬಂದಿತ್ತು. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆದದ್ದನ್ನು ನೋಡಿದವನಿಗೆ ಆಮೇಲೆ ಯಾವ ಕಾವೂ ಬರಿಯ ಕಾವಾಗಿ ಉಳಿಯುವುದಿಲ್ಲ. ಊಟಿಯ ಡಾಕ್ಟರು ಔಷಧಿಯ ಜೊತೆಗೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದ್ದರು: ಜ್ವರ ಬಂದರೆ ಮಗುವಿಗೆ ಹೊದೆಸಿ ಕಟ್ಟಿಹಾಕಬೇಡಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡಲಿ. ಅವ್ವೆ ತಲೆಯಾಡಿಸಿದಳು. ಮನೆಗೆ ಬಂದು ಕಂಬಳಿ ಹೊದೆಸಿದಳು. ಜ್ವರವೆಂದರೆ ಬೆವರಿ ಇಳಿಯಬೇಕಾದದ್ದು, ಬೆವರು ಬರಬೇಕೆಂದರೆ ಕಂಬಳಿ, ಒಂದರಲ್ಲಿ ಬಾರದಿದ್ದರೆ ಎರಡು. ಹಿಮ ಬೀಳುವ ಈ ಗುಡ್ಡದಲ್ಲಿ ತಲೆತಲಾಂತರದಿಂದ ಮಕ್ಕಳನ್ನು ಉಳಿಸಿಕೊಂಡ ಶಾಸ್ತ್ರವದು. ಅದನ್ನು ಒಂದು ಚೀಟಿ ಬರೆದುಕೊಡುವ ಡಾಕ್ಟರು ಬದಲಾಯಿಸುವುದುಂಟೆ? ಅಲ್ಲಿಂದ ಮುಂದೆ ನೀಲಿಗೆ ಮೈ ಬೆಚ್ಚಗಾದಾಗಲೆಲ್ಲ ಅತ್ತೆ ಹೊದೆಸುವುದು, ಸೊಸೆ ತೆಗೆಯುವುದು ನಡೆದೇ ಇತ್ತು. ಗಿರಿಜೆ ರಜೆ ಹಾಕಿ ಕಾವಲು ಕೂರುತ್ತಿದ್ದಳು. ನಾವಿಬ್ಬರೂ ಇಲ್ಲದ ದಿನ ಜ್ವರ ಬಂದರೆ ಏನು ಗತಿ ಎಂಬ ಪ್ರಶ್ನೆಯನ್ನು ನಾವು ಪರಸ್ಪರ ಕೇಳಿಕೊಳ್ಳಲೂ ಹೆದರುತ್ತಿದ್ದೆವು.

ಲ್ಯಾಪ್‌ಟಾಪಿನ ಚಿಕಿತ್ಸೆಗೆ ಬರೋಣ. ಬಲ್ಲವರು ಹೇಳಿದಂತೆ ಪರದೆಯ ಬೆಳಕು ತಗ್ಗಿಸಿದೆ, ಬೇಡದ ಪ್ರೋಗ್ರಾಮುಗಳನ್ನು ಕಿತ್ತೆಸೆದೆ. ಕಡೆಗೆ ಊಟಿಗೆ ಒಯ್ದು ರಿಪೇರಿಯವನ ಮುಂದೆ ಮಲಗಿಸಿದೆ. ಆತ ಹೊಟ್ಟೆ ಬಿಚ್ಚಿ ಫ್ಯಾನಿನ ಸಂದಿಯಿಂದ ಕಂದು ಬಣ್ಣದ ಹತ್ತಿಯಂಥ ಉಂಡೆಯೊಂದನ್ನು ಹೊರತೆಗೆದ. ಟೀ ಫ್ಯಾಕ್ಟರಿಯ ಗಾಳಿಯಲ್ಲಿ ಸದಾ ತೇಲುವ ಎಲೆಯ ನವಿರು ಅದು. ಬಿಸಿನೀರು ಹುಯ್ದಿದ್ದರೆ ಇಬ್ಬರಿಗೆ ಚಹಾ ಆಗುತ್ತಿತ್ತು. ಇನ್ನು ಬಿಸಿಯಾಗುವುದಿಲ್ಲವೆಂದು ಅಭಯ ನೀಡಿ, ಮುಚ್ಚಳದ ಮೇಲಿನ ಬಿಳಿಯ ಪುಡಿಯನ್ನು ಒರೆಸುತ್ತ, ಇದಕ್ಕೆ ಪೌಡರ್ ಬೇರೆ ಹಚ್ಚುತ್ತೀರಾ ಎಂದು ತಮಿಳಿನಲ್ಲಿ ನಗೆಯಾಡಿದ. ನನಗೆ ಆ ಪುಡಿಯ ಮೂಲ ತಿಳಿದಿರಲಿಲ್ಲ. ಮರುದಿನ ಸಂಜೆ ಯಂತ್ರ ಮತ್ತೆ ಕೆಂಡವಾಗಿತ್ತು, ಬಿಳಿಯ ಪುಡಿಯೂ ಮರಳಿ ಬಂದಿತ್ತು.

ಒಂದು ದಿನ ಫ್ಯಾಕ್ಟರಿಯಲ್ಲಿ ಬಾಯ್ಲರು ಕೆಟ್ಟು ಮಧ್ಯಾಹ್ನವೇ ಬಿಡುವಾಯಿತು. ಮನೆಗೆ ಬಂದರೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇರಲಿಲ್ಲ. ಒಳಮನೆಯ ಮಂಚದ ಮೇಲೆ ಕಂಬಳಿಯ ಗುಡ್ಡೆ, ಪಕ್ಕದಲ್ಲಿ ಅವ್ವೆ. ಅವಳ ಒಂದು ಕೈ ಕಂಬಳಿಯೊಳಗೆ ಯಾರದೋ ಹಣೆ ನೋಡುವಂತೆ ಹೋಗಿತ್ತು. ನೀಲಿಯೇ ಮಲಗಿದ್ದಾಳೆಂದು ಒಳಗೆ ಧಾವಿಸಿದೆ. ಆದರೆ ನೀಲಿ ಆ ಬದಿಯಲ್ಲಿ ಕೂತು ಬೊಂಬೆಗೆ ಜಡೆ ಹಾಕುತ್ತಿದ್ದಳು. ಕಂಬಳಿ ಸರಿಸಿದೆ. ಅದರೊಳಗೆ ಇನ್ನೊಂದು ಕಂಬಳಿ. ಅದರೊಳಗೆ ನನ್ನ ಲ್ಯಾಪ್‌ಟಾಪ್, ಮುಚ್ಚಳದ ಮೇಲೆ ಮೂರೆಳೆ ವಿಭೂತಿ. ಕೈ ಇಟ್ಟರೆ ಸುಟ್ಟಿತು. ಪ್ಲಾಸ್ಟಿಕ್ಕಿನ ಕಮಟು ವಾಸನೆ ಬೇರೆ. ಅದನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದವನು, ಕಲ್ಲಿನ ಮೇಲಿಟ್ಟು, ಅಜ್ಜಿ ಮೊಮ್ಮಗಳಿಬ್ಬರನ್ನೂ ಎಲೆಕೋಸಿನ ಪಾತಿಯಾಚೆಗೆ ನಿಲ್ಲಿಸಿದೆ.

"ಅದಕೂ ಮೈ ಕಾದಿತ್ತು ಮಗಾ. ಬೆವರು ಬರಲಿಲ್ಲೆ ಅಂತ ಇನ್ನೊಂದು ಹೊದೆಸಿದೆ" ಅಂದಳು.

ನಡೆದದ್ದು ಇಷ್ಟು. ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆ ಹೋಗುತ್ತದೆಂದು ನಾನು ನಂಬಿದ್ದೆ. ಅದು ಕಣ್ಣು ಮಾತ್ರ ಮುಚ್ಚಿಕೊಂಡು ದಿನವಿಡೀ ಎಚ್ಚರವಾಗಿರುತ್ತಿತ್ತು. ಅದರ ಮೈ ಬೆಚ್ಚಗಿರುವುದನ್ನು ಒಂದು ದಿನ ಧೂಳು ಒರೆಸುವಾಗ ಕಂಡ ಅವ್ವೆ, ಮಗನ ಬರವಣಿಗೆಗೆ ಏನಾದರೂ ಆದೀತೆಂಬ ಕಳವಳದಿಂದ, ತನಗೆ ಗೊತ್ತಿದ್ದ ಒಂದೇ ಮದ್ದನ್ನು ಶುರುಮಾಡಿದ್ದಳು. ಹೊದೆಸಿದಷ್ಟೂ ಕಾವು ಏರುತ್ತಿತ್ತು, ಕಾವು ಏರಿದಷ್ಟೂ ಹೊದಿಕೆ ಹೆಚ್ಚುತ್ತಿತ್ತು. ನಾನು ಬರುವ ಹೊತ್ತಿಗೆ ರೋಗಿಯನ್ನು ಮೇಜಿಗೆ ಮರಳಿಸುತ್ತಿದ್ದಳು, ಏಕೆಂದರೆ ಡಾಕ್ಟರರ ಮಾತು ಕೇಳುವ ಮಗ ಬೈಯುತ್ತಾನೆ. ನಾನು ಯಂತ್ರವನ್ನು ಮಗುಚಿ ಫ್ಯಾನಿನ ಕಿಂಡಿ ತೋರಿಸಿದೆ. ಇದು ಇದರ ಮೂಗು, ಒಳಗಿನ ಕಾವು ಇಲ್ಲಿಂದಲೇ ಹೊರಗೆ ಹೋಗಬೇಕು, ಹೊದೆಸಿದರೆ ಅದು ಒಳಗೇ ಸೇರಿ ಸೇರಿ ಕಡೆಗೆ ಒಡೆದುಹೋಗುತ್ತದೆ ಎಂದು ವಿವರಿಸಿದೆ. ಅವ್ವೆ ಕಿಂಡಿಯ ಮುಂದೆ ಕೈ ಹಿಡಿದಳು. ಬಿಸಿ ಉಸಿರು ತಾಗಿತು. ತುಂಬ ಹೊತ್ತು ಹಾಗೇ ಕೈ ಹಿಡಿದು ನಿಂತಳು. ನಾನೋ, ಅಪಾಯ ತಪ್ಪಿದ ಉಮೇದಿನಲ್ಲಿ, ಲ್ಯಾಪ್‌ಟಾಪಿಗೆ ಕಷಾಯ ಕುಡಿಸಲಿಲ್ಲವಲ್ಲ ಎಂದು ಅವಳನ್ನು ರೇಗಿಸಿದೆ. ಮುಚ್ಚುವ ಬದಲು ಆರಿಸಿ ಹೋಗುವುದನ್ನು ನಾನೂ ಕಲಿತೆ, ಯಂತ್ರ ನೆಟ್ಟಗಾಯಿತು.

ಆಮೇಲೆ ಮಳೆಗಾಲದ ಒಂದು ದಿನ ಫ್ಯಾಕ್ಟರಿಗೆ ಪಕ್ಕದ ಮನೆಯವರ ಫೋನು ಬಂತು. ನೀಲಿಗೆ ಜ್ವರ, ಮೈ ಸುಡುತ್ತಿದೆ. ಹೆಚ್ಚು ಕೇಳುವ ಮೊದಲೇ ಲೈನು ಕಡಿಯಿತು. ಗಿರಿಜೆಯ ಶಾಲೆ ಇನ್ನೂ ದೂರ. ಬಸ್ಸು ಮಂಜಿನಲ್ಲಿ ಒಂದೊಂದೇ ತಿರುವನ್ನು ತಡವುತ್ತ ಇಳಿಯುವಾಗ ನನ್ನ ಕಣ್ಣ ಮುಂದೆ ಒಂದೇ ಚಿತ್ರ: ಮಂಚದ ಮೇಲೆ ಕಂಬಳಿಯ ಗುಡ್ಡೆ, ಅದರೊಳಗೆ ಇನ್ನೊಂದು ಕಂಬಳಿ. ದೇವರೇ, ಅವಳು ಹೊದೆಸದಿರಲಿ ಎಂದು ಬೇಡಿಕೊಂಡೆ. ಬಸ್ಸಿಳಿದು ಟೀ ಗಿಡಗಳ ನಡುವಿನ ಕಾಲುದಾರಿಯಲ್ಲಿ ಎರಡು ಸಲ ಜಾರಿಬಿದ್ದೆ. ಅಷ್ಟು ಹೆದರಿಕೆಯನ್ನು ನಾನು ಆವರೆಗೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮನೆಯ ಬಾಗಿಲು ಹಾರುಹೊಡೆದಿತ್ತು. ಮಳೆಗಾಲದಲ್ಲಿ ಎಂದೂ ತೆಗೆಯದ ಕಿಟಕಿಗಳೂ ತೆರೆದಿದ್ದವು. ನೀಲಿ ಮಂಚದ ಮೇಲೆ ತೆಳ್ಳನೆಯ ಅಂಗಿಯಲ್ಲಿ ಮಲಗಿದ್ದಳು, ಹಣೆಯ ಮೇಲೆ ಒದ್ದೆ ಬಟ್ಟೆ, ತಲೆದೆಸೆಯಲ್ಲಿ ಡಾಕ್ಟರು ಕೊಟ್ಟ ಔಷಧಿಯ ಸೀಸೆ ಮುಚ್ಚಳ ತೆರೆದು ನಿಂತಿತ್ತು. ಫ್ಯಾನು ಎಂಬ ವಸ್ತುವೇ ಇಲ್ಲದ ನಮ್ಮ ಹಟ್ಟಿಯಲ್ಲಿ ಅವ್ವೆ ಅಕ್ಕಿ ಕೇರುವ ಮೊರ ಹಿಡಿದು ಮೊಮ್ಮಗಳಿಗೆ ಗಾಳಿ ಹಾಕುತ್ತಿದ್ದಳು. ಅವಳ ಮೈಮೇಲೆ ಸದಾ ಇರುವ ಶಾಲೂ ಇರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ನೀಲಿ ಕಣ್ಣು ಬಿಟ್ಟು ನನ್ನನ್ನು ನೋಡಿ, "ಹೆತ್ತೆ ನನ್ನ ಆರಿಸ್ತಾ ಇದೆ" ಎಂದು ಅಜ್ಜಿಯ ಮೇಲೆ ದೂರು ಹೇಳಿದಳು. ಮುಟ್ಟಿ ನೋಡಿದೆ. ಕಾವು ಇಳಿಯುತ್ತಿತ್ತು.

ಅವ್ವೆಗಾದರೂ ಹೊದೆಸೋಣವೆಂದು ಕಂಬಳಿ ಹುಡುಕಿದೆ. ಮಂಚದ ಮೇಲಿಲ್ಲ, ಪೆಟ್ಟಿಗೆಯಲ್ಲಿಲ್ಲ, ಇಡೀ ಮನೆಯಲ್ಲಿ ಒಂದು ತುಂಡು ಉಣ್ಣೆಯಿಲ್ಲ. ಎಲ್ಲಿ ಹೋದವೆಂದು ಕೇಳಿದೆ. ಪಕ್ಕದ ಮನೆಗೆ ಕೊಟ್ಟೆ ಎಂದಳು, ಮೊರ ನಿಲ್ಲಿಸದೆ.

"ಮನೆಯೊಳಗೆ ಇದ್ದರೆ ಎನ್ನ ಕೈ ಕೇಳದು ಮಗಾ."

ನನ್ನ ಕೋಟು ಬಿಚ್ಚಿ ಅವಳಿಗೆ ಹೊದೆಸಿದೆ. ಕತ್ತಲಾಗುವ ಮುನ್ನ ಗಿರಿಜೆ ಬಂದಳು, ಎಲ್ಲವನ್ನೂ ನೋಡಿದಳು, ಅತ್ತೆಯ ಕೈಯಿಂದ ಮೊರ ತೆಗೆದುಕೊಂಡು ತಾನು ಬೀಸತೊಡಗಿದಳು. ನೀಲಿಗೆ ನಿದ್ದೆ ಹತ್ತಿತು. ಆಮೇಲೆ ನಾವು ಮೂವರೂ ಆ ತಣ್ಣನೆಯ ಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು, ನಡುಗುತ್ತ ಕೂತೆವು. ಪಕ್ಕದ ಮನೆಗೆ ಹೋಗಿ ಕಂಬಳಿ ತರುವ ಧೈರ್ಯ ಯಾರಿಗೂ ಬರಲಿಲ್ಲ.