ಅತ್ತೆ ಅಳಿಸಿದ ಕತ್ತಿ

ನಮ್ಮ ಅತ್ತೆಯ ತೋರುಬೆರಳಿನ ಉಗುರು ಅಡಿಕೆಯ ಚೊಗರು ಹಿಡಿದು ಕಪ್ಪಾಗಿತ್ತು. ಎಲ್ಲೇ ಕೆತ್ತಿದ ಮೂರ್ತಿ ಕಂಡರೂ ಆ ಬೆರಳಿಟ್ಟು ತಡವಿ ನೋಡದೆ ಬಿಡುತ್ತಿರಲಿಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ನಾನು ಸೊಸೆಯಾಗಿ ಚನ್ನಗಿರಿಗೆ ಬಂದೆ. ಬಂದ ಹೊಸತರಲ್ಲೇ ದೇವಸ್ಥಾನದ ಕೆತ್ತನೆಯ ಕಂಬದ ಮುಂದೆ ನಿಲ್ಲಿಸಿ ಕೇಳಿದ್ದರು: "ಛತ್ರಿ ಹಿಡಿದೋನು ಈ ರಾಜನ ಮೊಣಕಾಲಿಗೆ ಬರ್ತಾನಲ್ಲ, ಅಷ್ಟು ಕುಳ್ಳಗಿರೋನು ಛತ್ರಿ ಹಿಡಿದ್ರೆ ರಾಜನ ಹೊಟ್ಟೆಗೆ ಚುಚ್ಚಲ್ವೇನೆ?" ನಾನು ನಕ್ಕೆ. ಅವರು ನಗಲಿಲ್ಲ; ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಮಾವ ಕೆರೆಬಿಳಚಿ ದಾರಿಯಲ್ಲಿ ಬಾವಿ ತೋಡಿಸಲು ಶುರುಮಾಡಿ ಅರ್ಧದಲ್ಲೇ ತೀರಿಕೊಂಡಿದ್ದರು. ಉಳಿದದ್ದನ್ನು ಅತ್ತೆ ಬಿಸಿಲಲ್ಲಿ ನಿಂತು ಮುಗಿಸಿದರು. ಕಟ್ಟಿಸಿದವರ ಚಿತ್ರ ಕೆತ್ತಿದ ಕಲ್ಲೊಂದು ಬಾವಿಕಟ್ಟೆಯಲ್ಲಿ ಇರಬೇಕೆಂದು ಚಿಕ್ಕಮಾವ ಕಲ್ಲುಕುಟಿಗನನ್ನು ಕರೆಸಿದರು. ಆತ ಅಂಗಳದಲ್ಲಿ ಚಪ್ಪಡಿಯ ಮೇಲೆ ಕೆಮ್ಮಣ್ಣಿನಿಂದ ಗೆರೆ ಎಳೆದ: ಕತ್ತಿ ಹಿಡಿದು ಪೀಠದ ಮೇಲೆ ಕೂತ ಮಾವ, ಕಾಲ ಬಳಿ ಕೈಮುಗಿದ, ಗೊಂಬೆಯಷ್ಟು ಹೆಂಗಸು.

"ಕತ್ತಿ ಯಾಕಪ್ಪಾ? ಅವರು ಅಡಕತ್ತರಿ ಬಿಟ್ಟು ಬೇರೆ ಏನೂ ಹಿಡಿದೋರಲ್ಲ," ಅಂದರು ಅತ್ತೆ.

"ದೊಡ್ಡ ಮನುಷ್ಯರು ಅಂತ ನೋಡಿದೋರಿಗೆ ತಿಳೀಬೇಕಲ್ರೀ ಅಮ್ಮಾರೆ."

"ಮತ್ತೆ ಈ ಕೂಸು ಯಾರು?"

"ನೀವೇ ರೀ."

ಅತ್ತೆ ಬಗ್ಗಿ ಆ ಗೊಂಬೆಯ ಪಕ್ಕ ತೋರುಬೆರಳಿಟ್ಟು ಅಳೆದರು. ಚಿಕ್ಕಮಾವ ಗಂಟಲು ಸರಿಮಾಡಿಕೊಂಡು, "ಗಂಡನ ಸಮಕ್ಕೆ ನಿಂತ್ರೆ ಊರೋರು ಏನಂದಾರು ಅತ್ತಿಗೆ? ಅದೂ ಈಗ..." ಎಂದು ಅರ್ಧಕ್ಕೇ ನಿಲ್ಲಿಸಿದರು. ವಿಧವೆ ಎಂಬ ಮಾತನ್ನು ಅವರು ನುಂಗಿದ್ದು ಎಲ್ಲರಿಗೂ ತಿಳಿಯಿತು.

ಅತ್ತೆ ಒದ್ದೆ ಬಟ್ಟೆ ತಂದರು. ಕತ್ತಿ ಅಳಿಸಿದರು, ಪೀಠ ಅಳಿಸಿದರು, ಆ ಪುಟ್ಟ ಹೆಂಗಸನ್ನೂ ಅಳಿಸಿದರು. "ನೀರು ಸೇದಾಕೆ ಬರೋರಿಗೆ ಕತ್ತಿ ತೋರಿಸಿ ಏನಾಗಬೇಕೈತೆ? ಇಬ್ರನ್ನೂ ನಿಲ್ಲಿಸು. ಹಗ್ಗ ಅವರೂ ಹಿಡೀಲಿ, ನಾನೂ ಹಿಡೀತೀನಿ. ಬಾವಿ ಆಗಿದ್ದು ಹಂಗೇ." ಚಿಕ್ಕಮಾವ ಅಂದು ಉಣ್ಣದೆ ಎದ್ದುಹೋದರು. ಕಲ್ಲು ಮಾತ್ರ ಅತ್ತೆ ಹೇಳಿದಂತೆಯೇ ಆಯಿತು.

ಆಮೇಲೆ ಅವರು ಎಣಿಸದಿದ್ದ ಸಂಗತಿಯೊಂದು ನಡೆಯಿತು. ನೀರಿಗೆ ಬಂದ ಹೆಂಗಸರು ಕಲ್ಲಿಗೆ ಅರಿಶಿನ ಕುಂಕುಮ ಹಚ್ಚತೊಡಗಿದರು. ಅತ್ತೆಯ ಚಿತ್ರದ ಹಣೆಗೂ. ಬರಿಹಣೆಯ ಅತ್ತೆ ಒಂದು ಶುಕ್ರವಾರ ಅದನ್ನು ನೋಡಿ ನನ್ನನ್ನು ಮೆಲ್ಲಗೆ ಕೇಳಿದರು: "ಅಲ್ಲವ್ವಾ, ಕಲ್ಲಿಗೆ ಆಗೋದು ನನಗ್ಯಾಕೆ ಆಗಲ್ಲ?"

ಅತ್ತೆ ತೀರಿಕೊಂಡ ದಿನ ಅವರ ಹಣೆಗೆ ಹಚ್ಚಲು ಮನೆಯವರು ವಿಭೂತಿಯನ್ನಷ್ಟೇ ತೆಗೆದಿಟ್ಟಿದ್ದರು. ಕುಂಕುಮದ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ಸ್ನಾನದ ನೀರು ತರುತ್ತೇನೆಂದು ಕೊಡ ಹಿಡಿದು ಬಾವಿಗೆ ಹೋದೆ. ಕಲ್ಲಿನಲ್ಲಿ ಹಗ್ಗ ಹಿಡಿದು ನಿಂತಿದ್ದ ಅತ್ತೆಯ ಹಣೆಗೆ ಕಾಸಗಲ ಕುಂಕುಮ ಇಟ್ಟು, ನೀರು ಸೇದಿಕೊಂಡು ಬಂದೆ.