ಹದಿನಾರು ಕಾಲಿನ ಐಸಿ

ತೊಂಬತ್ತರ ದಶಕದಲ್ಲಿ ಜಮಖಂಡಿ, ಮುಧೋಳದ ರೇಡಿಯೋ ಅಂಗಡಿಗಳನ್ನು ನನ್ನಷ್ಟು ಸುತ್ತಿದವರು ಇರಲಿಕ್ಕಿಲ್ಲ. ಆಗ ನಾನು ಎಲೆಕ್ಟ್ರಾನಿಕ್ಸ್ ಕಲಿಸುವ ಮಾಸ್ತರ. ಬನಹಟ್ಟಿಯ ಸೋದರತ್ತೆಗೆ, ಎಳೆ ಹರಿದ ಕೂಡಲೇ ಪವರ್‌ಲೂಮ್ ತಾನೇ ನಿಲ್ಲುವಂತೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅವಳ ಮಗ್ಗದ ಮೇಲಿದ್ದದ್ದು ಮಗಳ ಮದುವೆಗೆ ಬೀಗರಿಗೆ ಉಡಿಸಬೇಕಾದ ಸೀರೆಗಳ ಹಾಸು, ಅಂದರೆ ನೇಯಲು ಬಿಗಿದ ಉದ್ದೆಳೆಗಳು. ಎಳೆ ಹರಿದದ್ದನ್ನು ನನ್ನ ಮೈಕ್ರೊಕಂಟ್ರೋಲರ್ ಕಂಡುಹಿಡಿಯುತ್ತಿತ್ತು. ಆದರೆ ಮಗ್ಗ ನಿಲ್ಲಿಸುವ ಕಾಯಿಲನ್ನು ಎಳೆಯುವ ತಾಕತ್ತು ಅದಕ್ಕಿರಲಿಲ್ಲ. ಅದರ ಸಣ್ಣ ಕರೆಂಟನ್ನು ಹಿಗ್ಗಿಸಲು ನಡುವೆ, ಏಳು ಜೋಡಿ ಟ್ರಾನ್ಸಿಸ್ಟರುಗಳನ್ನು ಒಂದೇ ಮೈಯಲ್ಲಿ ಅಡಗಿಸಿಕೊಂಡ ಐಸಿ ಬೇಕಾಗಿತ್ತು.

ಮುಧೋಳದ ಅಂಗಡಿಯವನೊಬ್ಬ ನಾನು ಬರೆದುಕೊಟ್ಟ ನಂಬರನ್ನು ಓದಲೂ ಇಲ್ಲ. ಬಿಸ್ಕಿಟ್ ಡಬ್ಬಿ ತಡಕಾಡಿ ಹಳೆ ಟಿವಿಯದೊಂದು ಐಸಿ ಕೊಟ್ಟ. ಇದು ಬೇರೆಯದಲ್ಲವೇ ಎಂದರೆ, "ಹದಿನಾರು ಕಾಲ ಅದಾವಲ್ರಿ ಮಾಸ್ತರ, ಮತ್ತೇನ ಬೇಕ?" ಅಂದ. ಎತ್ತು ಕೇಳಿದವನಿಗೆ ಕಾಲು ಎಣಿಸಿ ಕತ್ತೆ ಮಾರುವ ಮಂದಿ. ಕೊನೆಗೆ ಜಮಖಂಡಿಯವನೊಬ್ಬ ಸರಿಯಾದ ನಂಬರಿನದನ್ನೇ ಕೊಟ್ಟ. ಮನೆಗೆ ತಂದು ಸ್ಪಿರಿಟ್ ಹಚ್ಚಿ ಒರೆಸಿದರೆ ನಂಬರು ಅರಿವೆಗೆ ಹತ್ತಿಬಂತು. ಅದರಡಿ ಹಳೆಯ ಹೆಸರು ಕೆರೆದ ಗುರುತು: ಬೇರಾವುದಕ್ಕೋ ನಂಬರು ಹಚ್ಚಿದ ಖೊಟ್ಟಿ ಮಾಲು. ಥೂ ಅನಿಸಿತು.

ಆದರೂ ಅದನ್ನೇ ಹಾಕಿದೆ. ಮರುದಿನ ಬರುತ್ತೇನೆಂದು ಹೇಳಿಬಿಟ್ಟಿದ್ದೆ, ಓಣಿಯ ನೇಕಾರರೂ ನೋಡಲು ಬರುವವರಿದ್ದರು. ಅವರೆದುರು ನಾಲ್ಕು ಸಲ ಎಳೆ ಹರಿದು ತೋರಿಸಿದೆ. ನಾಲ್ಕು ಸಲವೂ ಮಗ್ಗ ನಿಂತಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಇನ್ನು ಮಗ್ಗ ಕಾಯುವ ಕೆಲಸವಿಲ್ಲ ಎಂದು ಅತ್ತೆಗೆ ನಾನೇ ಹೇಳಿದೆ. ಅವಳು ರೊಟ್ಟಿ ಬಡಿಯಲು ಒಳಗೆ ಹೋದಳು, ನಾನು ಉಣ್ಣಲು ಕೂತೆ.

ಐದನೆಯ ಸಲ ಎಳೆ ತಾನಾಗಿಯೇ ಹರಿಯಿತು, ಐಸಿ ಸುಟ್ಟುಹೋಯಿತು, ಮಗ್ಗ ನಿಲ್ಲಲಿಲ್ಲ. ಲಾಳಿ ಎಳೆಗಳಲ್ಲಿ ಸಿಕ್ಕಿಕೊಂಡಿತು. ಸಪ್ಪಳ ಕೇಳಿ ನಾವು ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಅರ್ಧ ಹಾಸು ಹರಿದು ಜೋತಾಡುತ್ತಿತ್ತು. ಮದುವೆಗೆ ಎಂಟು ದಿನ ಉಳಿದಿತ್ತು.

ಅತ್ತೆ ಬಯ್ಯಲಿಲ್ಲ. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತು ಎಳೆಗೆ ಎಳೆ ಹೊಸೆದು ಜೋಡಿಸತೊಡಗಿದಳು. ನಾನು ಪಕ್ಕದಲ್ಲಿ ನಿಂತು ಜಮಖಂಡಿಯವನನ್ನು ಕಳ್ಳ, ಲಫಂಗ ಎಂದು ಬಾಯಿಗೆ ಬಂದಂತೆ ಬಯ್ದೆ. ಅವಳು ತಲೆ ಎತ್ತದೆ ಕೇಳಿದಳು:

"ಅದು ಖೊಟ್ಟಿ ಅಂತ ನಿನಗ ಗೊತ್ತಿರಲಿಲ್ಲೇನೋ ತಮ್ಮಾ?"

"ಇಲ್ಲ ಅತ್ತಿ," ಅಂದೆ.

"ಹಂಗಾದ್ರ ನಿಂದೇನ ತಪ್ಪು, ಬಿಡು," ಎಂದು ಮುಂದಿನ ಎಳೆ ಹಿಡಿದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಜಮಖಂಡಿಯವನನ್ನು ಇನ್ನೊಮ್ಮೆ ಬಯ್ದೆ.